ಕಡವಿನ ದಾರಿ ನಮ್ಮ ಹಕ್ಕು: ಶರಾವತಿ ಹಿನ್ನೀರಿನ ಜನರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ

ಮೂಲಕ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ

ವಿಷಯ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಿನ್ನೀರಿನ ಹಾಗೂ ಹೊಳೆಯ ಕಡವುಗಳಲ್ಲಿ ಜನ ಹತ್ತಿಳಿಯುವ, ಸರಕು ಏರಿಸಿ ಇಳಿಸುವ ದಂಡೆದಾರಿಗಳ ಬಗ್ಗೆ.

ಮಾನ್ಯರೇ,

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು ಬಂದ ಹೊಳೆಯನ್ನು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಟ್ಟೆ ಹಾಕಿ ನಿಲ್ಲಿಸಲಾಗಿದೆ. 1964ರಲ್ಲಿ ಮುಗಿದ ಆ ಅಣೆಕಟ್ಟೆಯ ಹಿಂದೆ 151 ಟಿಎಂಸಿ ಅಡಿಗೂ ಹೆಚ್ಚು ನೀರು ನಿಲ್ಲುತ್ತದೆ. ಆ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತದೆ, ನಾಡಿನ ಕಾರ್ಖಾನೆಗಳೂ ಮನೆಗಳೂ ಬೆಳಗುತ್ತವೆ. ಅದೇ ನೀರಿನ ಅಡಿಯಲ್ಲಿ ನಮ್ಮ ಹಿರಿಯರ ಮನೆ, ಗದ್ದೆ, ತೋಟಗಳಿವೆ. ಊರಿಂದ ಊರಿಗೆ ಇದ್ದ ಗಾಡಿದಾರಿ, ಕಾಲುದಾರಿ, ಸಂಕಗಳೂ ಅಲ್ಲೇ ಇವೆ. ಮುಳುಗಿದ ಜಮೀನಿನ ಲೆಕ್ಕವನ್ನಾದರೂ ಸರ್ಕಾರ ಕಾಗದದ ಮೇಲೆ ಬರೆಯಿತು. ಮುಳುಗಿದ ದಾರಿಯ ಲೆಕ್ಕ ಆರು ದಶಕ ಕಳೆದರೂ ಚುಕ್ತಾ ಆಗಿಲ್ಲ.

ದಾರಿಗೆ ಬದಲಾಗಿ ನಮಗೆ ಸಿಕ್ಕಿದ್ದು ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚ್. ಅಂಬಾರಗೋಡ್ಲು–ಕಳಸವಳ್ಳಿ, ಹಸಿರುಮಕ್ಕಿ, ಮುಪ್ಪಾನೆ–ಹಲ್ಕೆ ಕಡವುಗಳಲ್ಲಿ ಬಾಣಂತಿಯರು, ಶಾಲಾಮಕ್ಕಳು, ಅಡಿಕೆ ಮೂಟೆ, ಗೊಬ್ಬರದ ಚೀಲ, ಪಡಿತರ ಅಕ್ಕಿ, ಗ್ಯಾಸ್ ಸಿಲಿಂಡರ್, ಸಿಮೆಂಟ್, ಕೊನೆಗೆ ಹೆಣ ಕೂಡ ಲಾಂಚ್ ಹತ್ತಿಯೇ ಹೊಳೆ ದಾಟಿವೆ. ಲಾಂಚ್ ಇಲ್ಲದ ಕಡೆ ತೆಪ್ಪ ಮತ್ತು ಸಣ್ಣ ದೋಣಿಗಳೇ ಗತಿಯಾಗಿವೆ. ಈ ಹಿನ್ನೀರಿನಲ್ಲಿ ತೆಪ್ಪ ಮಗುಚಿ ಜೀವ ಹೋದದ್ದು ಒಮ್ಮೆಯಲ್ಲ. ಪ್ರತಿ ಸಲವೂ ಸಂತಾಪ ಬಂದಿದೆ, ದಾರಿ ಬಂದಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಹಿನ್ನೀರಿನ ಜನ ದಶಕಗಳ ಕಾಲ ಹೋರಾಡಿ ಪಡೆದ ಸೇತುವೆ ಅದು, ಅದನ್ನು ನಾವು ತುಂಬು ಮನಸ್ಸಿನಿಂದ ಸ್ವಾಗತಿಸಿದ್ದೇವೆ. ಆದರೆ ಒಂದು ಕಡವಿಗೆ ಸೇತುವೆ ಬಂದ ಮಾತ್ರಕ್ಕೆ ಉಳಿದ ಕಡವುಗಳ ಬಾಕಿ ತೀರುವುದಿಲ್ಲ. ಹಸಿರುಮಕ್ಕಿ ಸೇತುವೆಯ ಕಾಮಗಾರಿ ವರ್ಷಗಟ್ಟಲೆ ಎಳೆದಿದೆ. ಮುಪ್ಪಾನೆಯ ಸುತ್ತ ಅಭಯಾರಣ್ಯವಿರುವುದರಿಂದ ಅಲ್ಲಿನವರಿಗೆ ಸೇತುವೆ ದೂರದ ಮಾತು. ಆ ಊರುಗಳಿಗೆ ಇಂದಿಗೂ ನಾಳೆಗೂ ಕಡವೇ ರಸ್ತೆ.

ಆ ರಸ್ತೆ ಹೇಗಿದೆ ಎಂಬುದನ್ನು ತಾವು ಬೇಸಿಗೆಯಲ್ಲಿ ಬಂದು ನೋಡಬೇಕು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದ ಕೊನೆಗೆ ನೀರು ಡಾಂಬರು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಂತೆಲ್ಲ ಕಡವು ಕೆಳಕ್ಕೆ ಸರಿಯುತ್ತದೆ. ಮೇ ತಿಂಗಳ ಹೊತ್ತಿಗೆ ಕಾಂಕ್ರೀಟ್ ಇಳಿಜಾರು ಮೇಲೆಯೇ ಉಳಿದು, ಅದರ ತುದಿಯಿಂದ ನೀರಿನವರೆಗೆ ಬರೀ ಮಣ್ಣು, ಕೆಸರು, ಹಳೆಯ ಮರದ ಬೊಡ್ಡೆಗಳು. ಲಾಂಚಿನ ಕಬ್ಬಿಣದ ಹಲಗೆ ಆ ಕೆಸರಿನ ಮೇಲೆ ಬೀಳುತ್ತದೆ. ಮೂಟೆ ಹೊತ್ತವನು ಒಂದು ಕಾಲನ್ನು ಕೆಸರಿನಿಂದ ಕಿತ್ತು ಒದ್ದೆ ಹಲಗೆಯ ಮೇಲಿಡುವಾಗ ಬೆನ್ನ ಮೇಲಿನ ಭಾರ ಅವನನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ, ಎದುರಿನಿಂದ ಬೈಕೊಂದು ಇಳಿಯುತ್ತಿರುತ್ತದೆ, ಹಿಡಿದುಕೊಳ್ಳಲು ಒಂದು ಸರಳೂ ಇರುವುದಿಲ್ಲ. ನೀರು ಇನ್ನೂ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಲಾಗುತ್ತದೆ. 2023ರ ಜೂನ್‌ನಲ್ಲಿ ಮುಂಗಾರು ತಡವಾದಾಗ ಆದದ್ದೂ ಅದೇ. ನೀರು ಇಳಿದು, ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದಾಗ ಅದನ್ನು ನೋಡಲು ಊರೂರುಗಳಿಂದ ಜನ ಬರುತ್ತಾರೆ. ನಮ್ಮ ಮನೆಯ ರೋಗಿ ಕಡವಿನಲ್ಲಿ ಕಾಯುವ ಕಾಲವೂ ಅದೇ.

ನೀರನ್ನು ನಿಲ್ಲಿಸುವುದೂ ಬಿಡುವುದೂ ಸರ್ಕಾರದ ತೀರ್ಮಾನದಂತೆ. ಆದ್ದರಿಂದ ಆ ನೀರಿನ ಅಂಚಿನವರೆಗೆ ಸುರಕ್ಷಿತ ದಾರಿ ಕೊಡುವ ಹೊಣೆಯೂ ಸರ್ಕಾರದ್ದೇ. ಜಲಾಶಯದ ನೆಲ ಒಂದು ಸಂಸ್ಥೆಯದು, ದಂಡೆಯ ಕಾಡು ಇನ್ನೊಂದು ಇಲಾಖೆಯದು, ಲಾಂಚ್ ಮತ್ತೊಂದರದು, ರಸ್ತೆ ಮಗದೊಂದರದು ಎಂಬ ಉತ್ತರವನ್ನು ನಾವು ಇನ್ನು ಒಪ್ಪುವುದಿಲ್ಲ. ಇವೆಲ್ಲವೂ ಒಂದೇ ಸರ್ಕಾರದ ಕೈಗಳು. ಕೆಳಗಿನವು ದಯೆಯ ಕೋರಿಕೆಗಳಲ್ಲ, ಸಲ್ಲಬೇಕಾದ ಬಾಕಿ.

ನಮ್ಮ ಹಕ್ಕೊತ್ತಾಯಗಳು

ಅ. ದಾರಿಯ ಹಕ್ಕು

1. ಮೂರೂ ತಾಲ್ಲೂಕುಗಳಲ್ಲಿ ಜನ ಬಳಸುತ್ತಿರುವ ಪ್ರತಿಯೊಂದು ಲಾಂಚ್ ಕಡವು, ದೋಣಿ ಕಡವು ಮತ್ತು ತೆಪ್ಪದ ಕಡವನ್ನು ಗ್ರಾಮ ಪಂಚಾಯಿತಿಗಳ ಸಮಕ್ಷಮದಲ್ಲಿ ಸಮೀಕ್ಷೆ ಮಾಡಿ, ಪಟ್ಟಿಯನ್ನು ಆಯಾ ಪಂಚಾಯಿತಿ ಕಚೇರಿಯಲ್ಲಿ ಪ್ರಕಟಿಸಬೇಕು.

2. ರಸ್ತೆ ಮುಗಿಯುವ ಜಾಗದಿಂದ ಬೇಸಿಗೆಯ ಕನಿಷ್ಠ ನೀರಿನ ಅಂಚಿನವರೆಗಿನ ದಂಡೆದಾರಿಯನ್ನು ಸಾರ್ವಜನಿಕ ದಾರಿಯೆಂದು ಕಂದಾಯ ದಾಖಲೆ ಮತ್ತು ಗ್ರಾಮನಕಾಶೆಯಲ್ಲಿ ನಮೂದಿಸಬೇಕು.

3. ಜಲಾಶಯದ ನೆಲ ಹಾಗೂ ಅರಣ್ಯದ ನೆಲದಲ್ಲಿ ಹಾದುಹೋಗುವ ಕಡವಿನ ದಾರಿಗಳ ದುರಸ್ತಿಗೆ ಪ್ರತಿ ವರ್ಷ ಹೊಸದಾಗಿ ಅನುಮತಿ ಬೇಡುವ ಪದ್ಧತಿಯನ್ನು ಕೈಬಿಟ್ಟು, ಕಾನೂನಿನ ಚೌಕಟ್ಟಿನಲ್ಲೇ ಒಂದು ಶಾಶ್ವತ ಅನುಮತಿ ಕೊಡಿಸಬೇಕು.

4. ಕಡವಿನ ದಾರಿಯನ್ನು ಬಳಸಿದ್ದಕ್ಕಾಗಿ ಯಾವ ಗ್ರಾಮಸ್ಥನ ಮೇಲೂ ಅತಿಕ್ರಮ ಪ್ರವೇಶದ ಪ್ರಕರಣ ಹೂಡಬಾರದು.

5. ಖಾಸಗಿ ರೆಸಾರ್ಟ್, ಹೋಂಸ್ಟೇ ಅಥವಾ ಬೇಲಿಯಿಂದ ಮುಚ್ಚಿಹೋದ ಹಳೆಯ ಕಡವಿನ ದಾರಿಗಳು ಎಲ್ಲೆಲ್ಲಿ ಇವೆಯೋ ಅವನ್ನು ಸಮೀಕ್ಷೆ ಮುಗಿದ ಮೂರು ತಿಂಗಳೊಳಗೆ ತೆರವುಗೊಳಿಸಿ ಜನರಿಗೆ ಬಿಟ್ಟುಕೊಡಬೇಕು.

ಆ. ಏರಿಳಿಯುವ ನೀರಿಗೆ ತಕ್ಕ ದಂಡೆ

6. 1,819 ಅಡಿಯ ಗರಿಷ್ಠ ಮಟ್ಟದಿಂದ ಬೇಸಿಗೆಯ ಕನಿಷ್ಠ ಮಟ್ಟದವರೆಗೆ ನೀರು ಎಲ್ಲೇ ನಿಂತರೂ ಲಾಂಚಿನ ಹಲಗೆ ಗಟ್ಟಿ ನೆಲದ ಮೇಲೆಯೇ ಬೀಳುವಂತೆ ಪ್ರತಿ ಲಾಂಚ್ ಕಡವಿನಲ್ಲಿ ಇಳಿಜಾರನ್ನು ಹಂತಹಂತವಾಗಿ ಕೆಳಗಿನವರೆಗೆ ಕಟ್ಟಬೇಕು.

7. ವಾಹನ ಇಳಿಯುವ ಇಳಿಜಾರಿನ ಪಕ್ಕದಲ್ಲೇ, ಎದುರುಬದುರಾದ ಇಬ್ಬರು ಹೊರೆ ಸಮೇತ ಸರಾಗವಾಗಿ ಹಾಯುವಷ್ಟು ಅಗಲದ ಪ್ರತ್ಯೇಕ ಕಾಲುದಾರಿಯನ್ನು ಹಿಡಿದುಕೊಳ್ಳುವ ಸರಳಿನೊಂದಿಗೆ ನಿರ್ಮಿಸಬೇಕು.

8. ಮಳೆಗಾಲದಲ್ಲಿ ಹಾಸುಂಬೆ ಕಟ್ಟಿ ಜಾರುವ ನುಣುಪು ಸಿಮೆಂಟಿನ ಬದಲು ಒರಟು ಕಲ್ಲಿನ ಹಾಸು ಅಥವಾ ಗೀರು ಹಾಕಿದ ಕಾಂಕ್ರೀಟನ್ನೇ ಈ ದಾರಿಗಳಿಗೆ ಬಳಸಬೇಕು.

9. ಗುಡ್ಡದ ನೀರು ದಾರಿಯ ಮೇಲೆ ಹರಿದು ಅದನ್ನು ಕೊರೆಯದಂತೆ ಪ್ರತಿ ಕಡವಿನ ಎರಡೂ ಬದಿಗೆ ಚರಂಡಿ ತೆಗೆದು, ಧರೆ ಕುಸಿಯುವ ಕಡೆ ಕಲ್ಲಿನ ತಡೆಗೋಡೆ ಕಟ್ಟಬೇಕು.

10. ನೀರು ಇಳಿದ ತಿಂಗಳುಗಳಲ್ಲಿ ಲಾಂಚಿನ ಹಾದಿಗೂ ಜನರ ಕಾಲಿಗೂ ತೊಡಕಾಗುವ ಹಳೆಯ ಮರದ ಬೊಡ್ಡೆಗಳನ್ನು ಪ್ರತಿ ಬೇಸಿಗೆಯಲ್ಲಿ ಗುರುತಿಸಿ ತೆಗೆಸಬೇಕು.

11. ಗಾಲಿಕುರ್ಚಿ, ಸ್ಟ್ರೆಚರ್ ಮತ್ತು ಊರುಗೋಲು ಬಳಸುವವರು ಇನ್ನೊಬ್ಬರ ಹೆಗಲೇರದೆ ಲಾಂಚ್ ತಲುಪುವಂತೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಅನುಗುಣವಾಗಿ ಪ್ರತಿ ಲಾಂಚ್ ಕಡವನ್ನು ಸಿದ್ಧಪಡಿಸಬೇಕು.

12. ಶರಾವತಿಯ ನೀರಿನಿಂದ ವಿದ್ಯುತ್ ಪಡೆಯುವ ಸರ್ಕಾರ ಆ ನೀರಿನ ಅಂಚಿನ ಪ್ರತಿಯೊಂದು ಕಡವಿಗೂ ರಾತ್ರಿಯಿಡೀ ಉರಿಯುವ ದೀಪ ಹಾಕಿಸಿ, ಮಳೆಗಾಲದಲ್ಲಿ ಲೈನ್ ಹೋದಾಗ ಬೆಳಕು ಕೊಡುವ ಸೌರದೀಪಗಳನ್ನೂ ಅಳವಡಿಸಬೇಕು.

ಇ. ಸರಕು ಮತ್ತು ಅದನ್ನು ಹೊರುವವರು

13. ಅಡಿಕೆ, ಭತ್ತ, ಶುಂಠಿ, ಗೊಬ್ಬರ ಮತ್ತು ಪಡಿತರ ಮಳೆಯಲ್ಲಿ ನೆನೆಯದಂತೆ ಇಳಿಸಿಡಲು ಪ್ರತಿ ಲಾಂಚ್ ಕಡವಿನ ಎರಡೂ ದಡದಲ್ಲಿ ಚಾವಣಿಯುಳ್ಳ ಸರಕುಕಟ್ಟೆ ಕಟ್ಟಬೇಕು.

14. ಬಗ್ಗದೆ ತಲೆಯಿಂದ ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ಇಳಿಜಾರಿನ ನಡುನಡುವೆ ಎದೆಯೆತ್ತರದ ಹೊರೆಗಲ್ಲುಗಳನ್ನು ನಿಲ್ಲಿಸಬೇಕು.

15. ಗ್ಯಾಸ್ ಸಿಲಿಂಡರ್, ಡೀಸೆಲ್ ಮತ್ತು ಕೀಟನಾಶಕಗಳನ್ನು ಪ್ರಯಾಣಿಕರೊಂದಿಗೆ ಒತ್ತೊತ್ತಾಗಿ ಸಾಗಿಸುವುದನ್ನು ನಿಲ್ಲಿಸಿ, ಅವಕ್ಕಾಗಿ ಪ್ರತ್ಯೇಕ ಸಮಯದ ಸರಕು ಲಾಂಚ್ ಓಡಿಸಬೇಕು.

16. ಹಿನ್ನೀರಿನಾಚೆಯ ನ್ಯಾಯಬೆಲೆ ಅಂಗಡಿಗಳಿಗೂ ಅಂಗನವಾಡಿಗಳಿಗೂ ಹೋಗುವ ಧಾನ್ಯವನ್ನು ಕಡವು ದಾಟಿಸುವ ಖರ್ಚನ್ನು ಸರ್ಕಾರವೇ ಭರಿಸಿ, ಅದರ ಒಂದು ರೂಪಾಯಿಯೂ ಕಾರ್ಡುದಾರರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

17. ಕಡವುಗಳಲ್ಲಿ ಹೊರೆ ಹೊರುವ ಹಮಾಲಿಗಳನ್ನು ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಸ್ಥಳದಲ್ಲೇ ನೋಂದಾಯಿಸಿ ಗುರುತಿನ ಚೀಟಿ ಮತ್ತು ಅಪಘಾತ ವಿಮೆ ಕೊಡಬೇಕು.

18. ಕಡವಿನಲ್ಲಿ ಒಬ್ಬ ಕಾರ್ಮಿಕನ ಬೆನ್ನಿಗೆ ಹೊರಿಸುವ ಮೂಟೆಯ ತೂಕ 50 ಕೆ.ಜಿ. ಮೀರಬಾರದೆಂದು ಆದೇಶ ಹೊರಡಿಸಿ, ಅದಕ್ಕಿಂತ ಹೆಚ್ಚಿನ ಭಾರಕ್ಕೆ ಕೈಗಾಡಿ ಒದಗಿಸಬೇಕು.

19. ಲಾಂಚ್ ನಡೆಸುವ, ಹಗ್ಗ ಎಳೆದು ಕಟ್ಟುವ, ಹಲಗೆ ಏರಿಸಿ ಇಳಿಸುವ ಹೊರಗುತ್ತಿಗೆ ನೌಕರರಿಗೆ ಕನಿಷ್ಠ ವೇತನ, ವಾರದ ರಜೆ, ಭವಿಷ್ಯನಿಧಿ ಮತ್ತು ಮಳೆಗಾಲದ ರಕ್ಷಣಾ ಉಡುಪು ಸಿಗಬೇಕು.

20. ಪ್ರತಿ ಲಾಂಚ್ ಕಡವಿನ ಎರಡೂ ದಡಗಳಲ್ಲಿ ತಂಗುದಾಣ, ಕುಡಿಯುವ ನೀರು ಹಾಗೂ ಹೆಂಗಸರಿಗೂ ಗಂಡಸರಿಗೂ ಬೇರೆಬೇರೆ ಶೌಚಾಲಯಗಳನ್ನು ಕಟ್ಟಿಸಿ, ಅವನ್ನು ಸ್ವಚ್ಛವಾಗಿಡಲು ಸಂಬಳದ ನೌಕರರನ್ನು ನೇಮಿಸಬೇಕು.

ಈ. ಲಾಂಚ್, ದೋಣಿ, ತೆಪ್ಪ ಮತ್ತು ಜೀವರಕ್ಷಣೆ

21. 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಪ್ರತಿ ಲಾಂಚಿನ ತಪಾಸಣೆ, ನೋಂದಣಿ ಮತ್ತು ವಿಮೆ ಪೂರ್ಣಗೊಳಿಸಿ, ಜನ ಹಾಗೂ ವಾಹನಗಳ ಮಿತಿಯನ್ನು ಲಾಂಚಿನ ಮೇಲೂ ಕಡವಿನಲ್ಲೂ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು.

22. ಲಾಂಚ್, ದೋಣಿ, ತೆಪ್ಪ ಯಾವುದರಲ್ಲಿ ದಾಟಿದರೂ ಮಕ್ಕಳ ಅಳತೆಯದ್ದೂ ಸೇರಿದಂತೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಸಿಗುವಷ್ಟು ದಾಸ್ತಾನನ್ನು ಕಡವಿನಲ್ಲಿ ಇಡಬೇಕು.

23. ತೆಪ್ಪವನ್ನು ನಿಷೇಧಿಸುವ ನೋಟಿಸು ಅಂಟಿಸಿ ಕೈತೊಳೆದುಕೊಳ್ಳದೆ, ತೆಪ್ಪವೇ ಗತಿಯಾದ ಊರುಗಳಿಗೆ ತರಬೇತಿ ಪಡೆದ ನಾವಿಕರಿರುವ ಯಂತ್ರದೋಣಿಗಳನ್ನು ಗ್ರಾಮ ಪಂಚಾಯಿತಿಯ ಮೂಲಕ ಒದಗಿಸಬೇಕು.

24. ಹೆರಿಗೆ, ಹಾವು ಕಡಿತ, ಹೃದಯಾಘಾತದಂಥ ತುರ್ತಿಗೆ ರಾತ್ರಿಯ ಯಾವ ಹೊತ್ತಿನಲ್ಲಾದರೂ ಹೊರಡುವಂತೆ ಪ್ರತಿ ಲಾಂಚ್ ಕಡವಿನಲ್ಲಿ ಒಂದು ದೋಣಿ ಮತ್ತು ಸಿಬ್ಬಂದಿಯನ್ನು ಸದಾ ಸಿದ್ಧವಾಗಿಟ್ಟು, 108 ಆಂಬುಲೆನ್ಸ್ ಸೇವೆಯೊಂದಿಗೆ ಜೋಡಿಸಬೇಕು.

25. ಜಲಾಶಯದ ಅಂದಿನ ಮಟ್ಟ, ಲಾಂಚಿನ ವೇಳೆ ಮತ್ತು ವಾಹನ ಹತ್ತಿಸುವ ಸಾಧ್ಯತೆಯನ್ನು ಪ್ರತಿದಿನ ಬೆಳಿಗ್ಗೆ ಕಡವಿನ ಫಲಕದಲ್ಲಿ ಬರೆದು, ಮೊಬೈಲ್ ಸಂದೇಶದ ಮೂಲಕವೂ ಜನರಿಗೆ ತಿಳಿಸಬೇಕು.

26. ನೀರು ಕಡಿಮೆಯಾಗಿ ವಾಹನ ಸಾಗಣೆ ನಿಲ್ಲುವ ಕನಿಷ್ಠ ಏಳು ದಿನ ಮೊದಲೇ ಸೂಚನೆ ಕೊಟ್ಟು, ಆ ಅವಧಿ ಮುಗಿಯುವವರೆಗೆ ಎರಡೂ ದಡಗಳಿಂದ ಸರ್ಕಾರಿ ಬಸ್ ಮತ್ತು ಸರಕು ವಾಹನಗಳ ಬದಲಿ ವ್ಯವಸ್ಥೆ ಮಾಡಬೇಕು.

27. ಕಡವಿನಲ್ಲಿ, ಲಾಂಚಿನಲ್ಲಿ ಅಥವಾ ತೆಪ್ಪದಲ್ಲಿ ಜೀವ ಕಳೆದುಕೊಂಡವರ ಕುಟುಂಬಕ್ಕೆ ಅರ್ಜಿಗಾಗಿ ಕಾಯದೆ ಪರಿಹಾರ ಕೊಟ್ಟು, ಪ್ರತಿ ಸಾವಿನ ತನಿಖಾ ವರದಿಯನ್ನು ಗ್ರಾಮಸಭೆಯಲ್ಲಿ ಓದಬೇಕು.

ಉ. ಸೇತುವೆಗಳು, ಮತ್ತು ಸೇತುವೆ ಇಲ್ಲದ ಊರುಗಳು

28. ಹಸಿರುಮಕ್ಕಿ ಸೇತುವೆ ಪೂರ್ಣಗೊಂಡು ಬಸ್ ಸಂಚಾರ ಆರಂಭವಾಗುವವರೆಗೆ ಅಲ್ಲಿನ ಲಾಂಚಿನ ಒಂದು ಸರದಿಯನ್ನೂ ಕಡಿತಗೊಳಿಸಬಾರದು.

29. ಅಂಬಾರಗೋಡ್ಲು–ಕಳಸವಳ್ಳಿಯಲ್ಲಿ ಕೆಲಸ ಕಡಿಮೆಯಾದ ಲಾಂಚುಗಳನ್ನು ಪ್ರವಾಸಿಗರ ವಿಹಾರಕ್ಕೆ ಕೊಡುವ ಮುನ್ನ, ಲಾಂಚ್ ಸಾಲದ ಮತ್ತು ಲಾಂಚೇ ಇಲ್ಲದ ಹಿನ್ನೀರಿನ ಊರುಗಳಿಗೆ ಹಂಚಬೇಕು.

30. ಸೇತುವೆ ಬಂದ ಕಡವುಗಳಲ್ಲಿ ಲಾಂಚಿನ ಜನಸಂದಣಿಯನ್ನೇ ನೆಚ್ಚಿ ಬದುಕುತ್ತಿದ್ದ ಹಮಾಲಿಗಳು, ಚಹಾ ಅಂಗಡಿಯವರು, ಜೀಪ್ ಚಾಲಕರು ಮತ್ತು ಲಾಂಚ್ ನೌಕರರ ಪಟ್ಟಿ ಮಾಡಿ ಅವರಿಗೆ ಬದಲಿ ಜೀವನೋಪಾಯ ಕಲ್ಪಿಸಬೇಕು.

31. ಮುಪ್ಪಾನೆ–ಹಲ್ಕೆ ಕಡವನ್ನು ಸೇತುವೆಯ ಆಸೆ ತೋರಿಸಿ ತಾತ್ಕಾಲಿಕವೆಂದು ಕಡೆಗಣಿಸದೆ, ಖಾಯಂ ಜಲಮಾರ್ಗವೆಂದು ಘೋಷಿಸಿ ಅದಕ್ಕೆ ತಕ್ಕ ಅನುದಾನ ಮೀಸಲಿಡಬೇಕು.

32. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ತುಂಗಾ, ಮಾಲತಿ, ವಾರಾಹಿ ಮತ್ತು ಅವುಗಳ ಹಳ್ಳಗಳನ್ನು ಮಕ್ಕಳು ಅಡಿಕೆಮರದ ಸಂಕದ ಮೇಲೆ ದಾಟುವ ಕಡೆಗಳಲ್ಲೆಲ್ಲ ಮುಂದಿನ ಮಳೆಗಾಲದೊಳಗೆ ಹಿಡಿದುಕೊಳ್ಳುವ ಸರಳುಳ್ಳ ಕಾಲುಸೇತುವೆ ಕಟ್ಟಬೇಕು.

33. ಲಿಂಗನಮಕ್ಕಿಯ ನೀರನ್ನು ಬೇರೆಡೆಗೆ ಒಯ್ಯುವ ಯೋಜನೆಯ ವಿರುದ್ಧ 2019ರಲ್ಲಿ ಜಿಲ್ಲೆ ಬಂದ್ ಆಚರಿಸಿ ಹೇಳಿದ ಮಾತನ್ನು ನೆನಪಿನಲ್ಲಿಟ್ಟು, ಜಲಾಶಯದ ಮಟ್ಟವನ್ನು ಬದಲಿಸುವ ಯಾವುದೇ ಯೋಜನೆಯನ್ನು ಹಿನ್ನೀರಿನ ಗ್ರಾಮಸಭೆಗಳ ಮುಂದಿಡದೆ ಮಂಜೂರು ಮಾಡಬಾರದು.

ಊ. ಹಣ, ಹೊಣೆ, ಗಡುವು

34. ಶರಾವತಿ ಕಣಿವೆಯ ವಿದ್ಯುತ್ ಮಾರಾಟದ ಆದಾಯದಲ್ಲಿ ಒಂದು ನಿಶ್ಚಿತ ಪಾಲನ್ನು ಕಡವುಗಳ ನಿರ್ಮಾಣ ಮತ್ತು ನಿರ್ವಹಣೆಗಾಗಿ ಪ್ರತಿ ಬಜೆಟ್‌ನಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ತೆಗೆದಿಡಬೇಕು.

35. ಜಲಸಾರಿಗೆ, ಅರಣ್ಯ, ಲೋಕೋಪಯೋಗಿ, ಕಂದಾಯ ಇಲಾಖೆಗಳು ಮತ್ತು ವಿದ್ಯುತ್ ನಿಗಮದ ನಡುವೆ ಕಡತ ಅಲೆಯುವುದನ್ನು ತಪ್ಪಿಸಲು, ಎಲ್ಲ ಕಡವುಗಳಿಗೂ ಉತ್ತರದಾಯಿಯಾದ ಒಬ್ಬ ನೋಡಲ್ ಅಧಿಕಾರಿಯನ್ನು ಸಾಗರದಲ್ಲಿ ನೇಮಿಸಬೇಕು.

36. ಪ್ರತಿ ಕಡವಿಗೂ ಬಳಕೆದಾರರ ಸಮಿತಿ ರಚಿಸಿ, ಅದರಲ್ಲಿ ಅರ್ಧದಷ್ಟು ಮಹಿಳೆಯರೂ ಹಮಾಲಿಗಳ ಪ್ರತಿನಿಧಿಯೂ ಇರುವಂತೆ ನೋಡಿಕೊಂಡು, ಆ ಸಮಿತಿಯ ಸಹಿ ಇಲ್ಲದೆ ಕಾಮಗಾರಿಯ ಬಿಲ್ ಪಾವತಿಸಬಾರದು.

37. ಪ್ರತಿ ಕಾಮಗಾರಿಯ ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಮತ್ತು ಮುಗಿಯಬೇಕಾದ ದಿನಾಂಕವನ್ನು ಕಡವಿನಲ್ಲೇ ಕಲ್ಲಿನ ಫಲಕದ ಮೇಲೆ ಕೆತ್ತಿಸಿ ನಿಲ್ಲಿಸಬೇಕು.

38. ವರ್ಷಕ್ಕೆರಡು ಬಾರಿ, ನೀರು ತುಂಬಿದ ಸೆಪ್ಟೆಂಬರ್‌ನಲ್ಲೂ ನೀರು ಇಳಿದ ಮೇ ತಿಂಗಳಲ್ಲೂ, ಜಿಲ್ಲಾಧಿಕಾರಿಗಳು ಸ್ವತಃ ಕಡವುಗಳಿಗೆ ಬಂದು ಬಹಿರಂಗ ಅಹವಾಲು ಸಭೆ ನಡೆಸಬೇಕು.

39. ಈ ಪತ್ರ ತಲುಪಿದ 30 ದಿನಗಳೊಳಗೆ ಪ್ರತಿಯೊಂದು ಹಕ್ಕೊತ್ತಾಯಕ್ಕೂ ಒಪ್ಪಿಗೆ ಅಥವಾ ನಿರಾಕರಣೆಯನ್ನು ಕಾರಣ, ಹೊಣೆಗಾರ ಅಧಿಕಾರಿ ಮತ್ತು ಗಡುವಿನೊಂದಿಗೆ ಲಿಖಿತವಾಗಿ ತಿಳಿಸಬೇಕು.

ಮಾನ್ಯರೇ, "ಪರಿಶೀಲಿಸಲಾಗುವುದು" ಎಂಬ ಹಿಂಬರಹವನ್ನು ನಾವು ಉತ್ತರವೆಂದು ಸ್ವೀಕರಿಸುವುದಿಲ್ಲ. ಅನುದಾನದ ಕೊರತೆ ಎಂಬ ಕಾರಣವನ್ನೂ ಸ್ವೀಕರಿಸುವುದಿಲ್ಲ, ಏಕೆಂದರೆ ನಮ್ಮ ದಾರಿಗಳನ್ನು ಮುಳುಗಿಸಿದ ನೀರು ಪ್ರತಿದಿನ ಸರ್ಕಾರಕ್ಕೆ ಆದಾಯ ತರುತ್ತಿದೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ಸ್ಪಷ್ಟಪಡಿಸುತ್ತೇವೆ: ಹಕ್ಕೊತ್ತಾಯ 6, 7, 12, 22 ಮತ್ತು 24ಕ್ಕೆ ಸಮೀಕ್ಷೆಯೂ ಬೇಡ, ಹೊಸ ಕಾನೂನೂ ಬೇಡ. ಗಟ್ಟಿ ಇಳಿಜಾರು, ಕಾಲುದಾರಿ, ದೀಪ, ಲೈಫ್ ಜಾಕೆಟ್, ರಾತ್ರಿಯ ದೋಣಿ, ಈ ಐದನ್ನು ಮುಂದಿನ ಬೇಸಿಗೆ ಮುಗಿಯುವುದರೊಳಗೆ ಹಸಿರುಮಕ್ಕಿ ಮತ್ತು ಮುಪ್ಪಾನೆ–ಹಲ್ಕೆ ಕಡವುಗಳಲ್ಲಿ ಪೂರೈಸಬೇಕು.

30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಮೂರೂ ತಾಲ್ಲೂಕುಗಳ ಹಿನ್ನೀರಿನ ಗ್ರಾಮಗಳಲ್ಲಿ ವಿಶೇಷ ಗ್ರಾಮಸಭೆ ಕರೆದು ಈ ಪತ್ರವನ್ನು ನಿರ್ಣಯವಾಗಿ ಅಂಗೀಕರಿಸುತ್ತೇವೆ, ಮಾಹಿತಿ ಹಕ್ಕಿನಡಿ ಕಡವುಗಳಿಗೆ ಖರ್ಚಾದ ಪ್ರತಿ ರೂಪಾಯಿಯ ಲೆಕ್ಕ ಕೇಳುತ್ತೇವೆ, ಸಾಗರದ ಉಪವಿಭಾಗಾಧಿಕಾರಿಗಳ ಕಚೇರಿ ಎದುರು ಶಾಂತಿಯುತ ಅನಿರ್ದಿಷ್ಟಾವಧಿ ಧರಣಿ ಕೂರುತ್ತೇವೆ. ನಾಡಿಗೆ ಬೆಳಕು ಕೊಡಲು ನಾವು ನೆಲ ಬಿಟ್ಟುಕೊಟ್ಟಾಗಿದೆ. ನೀರಿನ ಅಂಚಿನವರೆಗೆ ಬೀಳದೆ ನಡೆದುಹೋಗುವ ದಾರಿಯನ್ನು ಸರ್ಕಾರ ನಮಗೆ ಕೊಡಲೇಬೇಕು, ಕೊಡುವವರೆಗೆ ನಾವು ಕೇಳುತ್ತಲೇ ಇರುತ್ತೇವೆ.

ಇಂತಿ,
ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಡವು ಬಳಕೆದಾರ ಗ್ರಾಮಸ್ಥರು, ಹಮಾಲಿಗಳು ಮತ್ತು ರೈತರು